ಖಾಲಿ ಡಬ್ಬಿ, ಲೋಕಲ್ ಮಾಲು, ಒರಿಜಿನಲ್: ಮೂರನ್ನೂ ಹಾಕಿಸಿ ನೋಡಿದೆ

ಚಾಮುಂಡಿ ಬೆಟ್ಟ ಹತ್ತುವಾಗ ನನ್ನ 2006ರ ಆಲ್ಟೊ ಎರಡನೇ ಗೇರಿನಲ್ಲೂ ಏದುಸಿರು ಬಿಡತೊಡಗಿತು. ಆಕ್ಸಿಲರೇಟರ್ ಎಷ್ಟು ತುಳಿದರೂ ಅಷ್ಟೇ. ಬನ್ನಿಮಂಟಪದ ಕಡೆಯ ಒಬ್ಬ ಮೆಕ್ಯಾನಿಕ್ ಸೈಲೆನ್ಸರ್ ಪೈಪನ್ನು ತಟ್ಟಿದ. ಒಳಗೆ ಗಲಗಲ ಸದ್ದು. "ಕ್ಯಾಟ್ ಹೋಗಿದೆ ಸರ್. ಒಡೆದು ತೆಗೆದುಬಿಡೋಣ, ಆಮೇಲೆ ಪಿಕಪ್ ನೋಡಿ" ಅಂದ. ಕ್ಯಾಟ್ ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆಯಲ್ಲಿನ ವಿಷಾನಿಲ ಕಮ್ಮಿ ಮಾಡುವ ಡಬ್ಬಿ. ಕೂಲಿ 600 ರೂಪಾಯಿ. ಒಪ್ಪಿಕೊಂಡೆ.

ಡಬ್ಬಿ ಕತ್ತರಿಸಿ, ಒಳಗಿನ ಜೇನುಗೂಡಿನಂಥ ಸೆರಾಮಿಕ್ ಗಟ್ಟಿಯನ್ನು ಸರಳಿನಿಂದ ಕುಟ್ಟಿದ. ಸೀಮೆಸುಣ್ಣದ ಹಾಗೆ ಪುಡಿ ಉದುರಿತು. ಒಂದು ಬದಿ ಕರಗಿ ಮುದ್ದೆಯಾಗಿತ್ತು. ಚೂರನ್ನೆಲ್ಲ ಗುಡಿಸಿ ಸಿಮೆಂಟ್ ಚೀಲಕ್ಕೆ ತುಂಬಿಕೊಂಡ. "ಬಿಸಾಕೋದಲ್ವಾ?" ಅಂದೆ. ಸುಮ್ನೆ ನಕ್ಕ. ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುತ್ತದೆ, ಗುಜರಿಯವರು ಹುಡುಕಿಕೊಂಡು ಬರುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಕೂಲಿಯೂ ನಾನೇ ಕೊಟ್ಟು ಮಾಲೂ ಬಿಟ್ಟು ಬಂದಿದ್ದೆ!

ಖಾಲಿ ಡಬ್ಬಿಯಲ್ಲಿ ಗಾಡಿ ಜೋರಾಗಿ ಎಳೆಯಿತು, ನಿಜ. ಆದರೆ ಸಿದ್ದಪ್ಪ ಸ್ಕ್ವೇರ್ ಸಿಗ್ನಲ್ಲಿನಲ್ಲಿ ನಿಂತರೆ ಪೆಟ್ರೋಲ್ ವಾಸನೆ ಒಳಗೇ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ ಸೆರಗು ಮೂಗಿಗೆ ಹಿಡಿದೇ ಕೂತಿರುತ್ತಿದ್ದರು. ಎಮಿಷನ್ ಟೆಸ್ಟಿನಲ್ಲಿ ಮಾನ ಹೋಯಿತು. ನನ್ನದರಂಥ ಗಾಡಿಗೆ ಕಾರ್ಬನ್ ಮೊನಾಕ್ಸೈಡ್ ಶೇ. 0.5 ದಾಟಬಾರದು, ನನ್ನದು 1.8. ಸರ್ಟಿಫಿಕೇಟ್ ಇಲ್ಲದೆ ಎಫ್‌ಸಿಗೂ (ಫಿಟ್‌ನೆಸ್ ಪತ್ರಕ್ಕೂ) ಹೋಗುವ ಹಾಗಿಲ್ಲ. ಹೊಗೆ ಜಾಸ್ತಿ ಅಂತ ಹಿಡಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ದಂಡವೇ 10,000 ರೂಪಾಯಿವರೆಗೆ ಇದೆ.

ಲೋಕಲ್ ಕ್ಯಾಟ್ 4,500ಕ್ಕೆ ಸಿಕ್ಕಿತು. ಮನೆಯಿಂದ ನೇರ ಟೆಸ್ಟಿಗೆ ಹೋದರೆ ಫೇಲ್. ರಿಂಗ್ ರೋಡಿನಲ್ಲಿ ಅರ್ಧ ಗಂಟೆ ಓಡಿಸಿ ಹೋದರೆ 0.4, ಪಾಸ್. ಕ್ಯಾಟ್ ಚೆನ್ನಾಗಿ ಕಾದರೇನೇ ಕೆಲಸ ಮಾಡುವುದು. ಆದರೆ ಎಂಟೇ ತಿಂಗಳಿಗೆ ಅದೂ ಸುಸ್ತು.

ಕೊನೆಗೆ ಒರಿಜಿನಲ್. ಲೋಕಲ್ ಕ್ಯಾಟಿನ ಮೂರು ಪಟ್ಟು ದುಡ್ಡು, ಹೊಟ್ಟೆ ಉರಿಯಿತು. ಟೆಸ್ಟಿನಲ್ಲಿ 0.1. ಅದೇ ಭಾನುವಾರ ಬೆಟ್ಟ ಹತ್ತಿಸಿದೆ. ಅದೇ ತಿರುವು, ಅದೇ ಎರಡನೇ ಗೇರು. ಖಾಲಿ ಡಬ್ಬಿಯಲ್ಲಿ ಎಳೆದಷ್ಟೇ ಎಳೆಯಿತು, ಒಂದು ಚೂರೂ ಕಮ್ಮಿ ಇಲ್ಲ. ಕ್ಯಾಟ್ ತೆಗೆದರೆ ಪಿಕಪ್ ಬರುತ್ತದೆ ಅನ್ನುವವರೆಲ್ಲ ಹೊಗೆಯ ದಾರಿ ಕಟ್ಟಿಕೊಂಡ ಕ್ಯಾಟಿಗೆ ಹೋಲಿಸಿ ಹೇಳುತ್ತಾರೆ. ಚೆನ್ನಾಗಿರುವ ಕ್ಯಾಟಿಗೆ ಹೋಲಿಸಿದವರನ್ನು ನಾನಂತೂ ನೋಡಿಲ್ಲ.

ಅಂದ ಹಾಗೆ, ಹಳೆಯದು ಕರಗಿದ್ದು ನನ್ನ ಸೋಮಾರಿತನದಿಂದ. ಸ್ಪಾರ್ಕ್ ಪ್ಲಗ್ ಬದಲಿಸದೆ ವರ್ಷಗಟ್ಟಲೆ ಓಡಿಸಿದ್ದೆ. ಇಂಜಿನ್ ಮಿಸ್ ಆದಾಗಲೆಲ್ಲ ಉರಿಯದ ಪೆಟ್ರೋಲ್ ಕ್ಯಾಟಿನೊಳಗೆ ಹೋಗಿ ಉರಿಯುತ್ತಿತ್ತು. ಈ ಸಲ ಮೂರೂ ಪ್ಲಗ್ ಹೊಸದು ಹಾಕಿಸಿ, ಆಮೇಲೆ ಕ್ಯಾಟ್ ಕೂರಿಸಿದ್ದೇನೆ.