ಮುಖಕ್ಕೆ ಒಪ್ಪಿತು, ಮೂಗಿಗೆ ಒಪ್ಪಲಿಲ್ಲ: ಎರಡೂವರೆ ವರ್ಷ ಹಾಕಿದ ಕನ್ನಡಕದ ಬಗ್ಗೆ

ಹೋದ ದೀಪಾವಳಿಗೆ ಮುಂಚೆ ಎಂಟನೇ ಕ್ಲಾಸಿನ ಹುಡುಗನೊಬ್ಬ ನನ್ನ ಥರ ಪಾಠ ಮಾಡಿ ತೋರಿಸುತ್ತಿದ್ದ. ಎರಡು ಮಾತು, ಆಮೇಲೆ ತೋರುಬೆರಳಿಂದ ಮೂಗಿನ ಮೇಲೆ ಒಂದು ತಳ್ಳು. ಮತ್ತೆರಡು ಮಾತು, ಮತ್ತೊಂದು ತಳ್ಳು. ನಾನು ಬಾಗಿಲಲ್ಲಿ ನಿಂತಿದ್ದು ಅವನಿಗೆ ಗೊತ್ತಿರಲಿಲ್ಲ. ಚೆನ್ನಾಗಿಯೇ ಮಾಡಿದ. ಅವನನ್ನು ಬೈಯಲು ಮನಸ್ಸು ಬರಲಿಲ್ಲ. ಕೋಪ ಬಂದಿದ್ದು ಕನ್ನಡಕದ ಮೇಲೆ.

ಅಂಗಡಿಯ ಹೆಸರು ಬೇಡ. ತಪ್ಪಿನಲ್ಲಿ ಅರ್ಧ ಪಾಲು ನನ್ನದೂ ಇದೆ. ಕಂದು ಹಳದಿ ಮಚ್ಚೆಯ, ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನ ಫ್ರೇಮು, ಮೇಲಿನ ತುದಿ ಬೆಕ್ಕಿನ ಕಣ್ಣಿನ ಹಾಗೆ ಸ್ವಲ್ಪ ಎತ್ತಿದ್ದು. ಬಿಸಿಲಿಗೆ ಕಪ್ಪಾಗುವ ಲೆನ್ಸು. ಎಲ್ಲಾ ಸೇರಿ 9,600 ರೂಪಾಯಿ. ನನ್ನ ಕನ್ನಡಕದ ಇತಿಹಾಸದಲ್ಲಿ ಇದೇ ದಾಖಲೆ.

ನನ್ನ ಪವರ್ ಮೈನಸ್ 5.50. ನನ್ನಂಥವರು ಫ್ರೇಮು ಆರಿಸುವುದೇ ಒಂದು ತಮಾಷೆ. ಹಳೆಯದನ್ನು ತೆಗೆದು ಹೊಸದನ್ನು ಹಾಕಿ ಕನ್ನಡಿ ನೋಡಿದರೆ ಮುಖವೇ ಕಾಣುವುದಿಲ್ಲ, ಮಸುಕಾದ ಒಂದು ಇಡ್ಲಿ ಕಾಣುತ್ತದೆ. ಹಾಗಾಗಿ ಜೊತೆಗೆ ಬಂದವರ ಮಾತೇ ಗತಿ. ಅವತ್ತು ಬಂದಿದ್ದವಳು ನಾದಿನಿ. "ಇದೇ ಇರ್ಲಿ ಅತ್ತಿಗೆ, ಹೀರೋಯಿನ್ ಥರ ಕಾಣ್ತೀರ" ಅಂದಳು. ಅಂಗಡಿಯ ಹುಡುಗಿ ಗೋಡೆಯ ಮೇಲಿನ ಚಿತ್ರ ತೋರಿಸಿದಳು. ದುಂಡು ಮುಖಕ್ಕೆ ಮೂಲೆ ಇರುವ ಫ್ರೇಮು, ಚೌಕ ಮುಖಕ್ಕೆ ದುಂಡನೆಯದು. ನನ್ನದು ದುಂಡು ಮುಖ, ಸರಿ ಹೋಯಿತು. ಆ ಚಿತ್ರದಲ್ಲಿ ಮುಖಗಳೆಲ್ಲ ಇದ್ದವು. ಮೂಗು ಒಂದಕ್ಕೂ ಇರಲಿಲ್ಲ.

ನನಗೆ ಮೂಗಿದೆ. ಅದರ ಮೇಲ್ಭಾಗ ಚಪ್ಪಟೆ, ನಮ್ಮ ಅಜ್ಜಿಯ ಕಡೆಯಿಂದ ಬಂದದ್ದು. ಈ ಫ್ರೇಮಿಗೆ ಬೇರೆ ಮೂಗಿನ ಪ್ಯಾಡು ಇಲ್ಲ, ಫ್ರೇಮಿನಲ್ಲೇ ಎರಡು ಸಣ್ಣ ಉಬ್ಬು, ಅಷ್ಟೇ. ಚೂಪು ಮೂಗಿನವರಿಗೆ ಅದು ಕೂರುತ್ತದೆ. ನನಗೆ ಕೂರುವುದು ಕೆನ್ನೆಯ ಮೇಲೆ. ನಕ್ಕರೆ ಕೆನ್ನೆ ಮೇಲೆ ಬರುತ್ತದೆ, ಕೆನ್ನೆಯ ಜೊತೆ ಕನ್ನಡಕವೂ ಹುಬ್ಬು ದಾಟುತ್ತದೆ. ನಗು ನಿಂತರೆ ಮೂಗಿನ ತುದಿಗೆ ಬರುತ್ತದೆ. ಅಂಗಡಿಯ ಕನ್ನಡಿ ಮುಂದೆ ನಾವು ಪಾಸ್‌ಪೋರ್ಟ್ ಫೋಟೋಗೆ ನಿಂತ ಹಾಗೆ ನಿಂತಿರುತ್ತೇವೆ. ನಗುವುದಿಲ್ಲ, ಬಗ್ಗುವುದಿಲ್ಲ, ಬೆವರುವುದಿಲ್ಲ. ಗೊತ್ತಾಗುವುದು ಹೇಗೆ?

ಇನ್ನೊಂದು ಎಡವಟ್ಟು ಮನೆಗೆ ಬಂದ ಮೇಲೆ ಕಂಡಿತು. ಕಡ್ಡಿಯ ಒಳಗೆ 54, 16, 140 ಅಂತ ಬರೆದಿರುತ್ತಾರಲ್ಲ, ಅವು ಮಿಲಿಮೀಟರು. ಮೊದಲನೆಯದು ಒಂದು ಲೆನ್ಸಿನ ಅಗಲ, ಎರಡನೆಯದು ನಡುವಿನ ಸೇತುವೆ, ಮೂರನೆಯದು ಕಡ್ಡಿಯ ಉದ್ದ. ಮೊದಲೆರಡನ್ನು ಕೂಡಿದರೆ 70. ನನ್ನ ಎರಡು ಕಣ್ಣುಪಾಪೆಗಳ ನಡುವಿನ ಅಂತರ 60. ಅಂದರೆ ಎರಡೂ ಕಡೆ ಲೆನ್ಸಿನ ನಡುಬಿಂದುವನ್ನು 5 ಮಿಲಿಮೀಟರು ಮೂಗಿನ ಕಡೆಗೆ ಎಳೆಯಬೇಕು. ಮೈನಸ್ ಲೆನ್ಸು ಅಂಚಿಗೆ ಹೋದಷ್ಟೂ ದಪ್ಪ. ದುಡ್ಡು ಸುರಿದು 1.67 ಇಂಡೆಕ್ಸಿನ ತೆಳು ಲೆನ್ಸು (ಈ ಸಂಖ್ಯೆ ಹೆಚ್ಚಾದಷ್ಟೂ ಲೆನ್ಸು ತೆಳು) ಹಾಕಿಸಿದರೂ ಕಿವಿ ಕಡೆಯ ಅಂಚು ದಪ್ಪವಾಗಿಯೇ ಉಳಿಯಿತು. ಪಕ್ಕದಿಂದ ನೋಡಿದರೆ ಲೆನ್ಸಿನೊಳಗೆ ನನ್ನ ಕೆನ್ನೆಯ ಗೆರೆ ಮುರಿದು ಒಳಗೆ ಸರಿದ ಹಾಗೆ ಕಾಣುತ್ತದೆ. ಹೆಚ್ಚು ಪವರ್ ಇರುವವರ ಅಂದ ಕೆಡಿಸುವುದು ಅದೇ, ಫ್ರೇಮಿನ ಆಕಾರ ಅಲ್ಲ. ಚಿಕ್ಕ ಫ್ರೇಮು ತಗೊಂಡಿದ್ದರೆ ಕಡಿಮೆ ದುಡ್ಡಿನ ಲೆನ್ಸೇ ಇದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.

ಬಿಸಿಲಿಗೆ ಕಪ್ಪಾಗುವ ಕಥೆಯನ್ನೂ ಹೇಳಿಬಿಡುತ್ತೇನೆ. ನಾನು ಸ್ಕೂಟರಿನಲ್ಲಿ ಹೋಗುವವಳು. ಈ ಲೆನ್ಸು ಕಪ್ಪಾಗುವುದು ಬೆಳಕಿಗಲ್ಲ, ಬಿಸಿಲಿನ ಅಲ್ಟ್ರಾವೈಲೆಟ್ ಕಿರಣಕ್ಕೆ. ಹೆಲ್ಮೆಟ್ಟಿನ ಮುಂದಿನ ಗಾಜು ಆ ಕಿರಣವನ್ನು ತಡೆದುಬಿಡುತ್ತದೆ. ಕಾರಿನ ಮುಂದಿನ ಗಾಜೂ ಅಷ್ಟೇ. ಹಾಗಾಗಿ ದಾರಿಯುದ್ದಕ್ಕೂ ಕಣ್ಣು ಕುಕ್ಕುವ ಬಿಸಿಲು, ಲೆನ್ಸು ಮಾತ್ರ ತಿಳಿನೀರು. ಸ್ಕೂಲಿಗೆ ಬಂದು ಹೆಲ್ಮೆಟ್ ತೆಗೆದು ಸ್ಟ್ಯಾಂಡಿನಿಂದ ಕ್ಲಾಸಿನವರೆಗೆ ನಡೆಯುವಷ್ಟರಲ್ಲಿ ಪೂರ್ತಿ ಕಪ್ಪು. ಹಾಜರಿ ಕರೆದು ಮುಗಿಯುವ ತನಕ ನಾನು ಕೂಲಿಂಗ್ ಗ್ಲಾಸ್ ಟೀಚರು.

ಇಷ್ಟೆಲ್ಲ ಬೈದ ಮೇಲೆ ಒಂದು ಸತ್ಯ ಒಪ್ಪಿಕೊಳ್ಳಬೇಕು. ಈ ಕನ್ನಡಕವನ್ನು ನಾನು ಪ್ರೀತಿಯಿಂದ ನೋಡಿಕೊಂಡಿದ್ದೇನೆ. ಬೆಳಿಗ್ಗೆ ಡಿಕಾಕ್ಷನ್ ಇಳಿಯುವಾಗ ನಲ್ಲಿಯ ಕೆಳಗೆ ಹಿಡಿದು ಮೊದಲು ಧೂಳು ಹೋಗುವಂತೆ ತೊಳೆಯುವುದು. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ, ಬೆರಳ ತುದಿಯಿಂದ ಎರಡೂ ಬದಿ ನಿಧಾನವಾಗಿ ಸವರುವುದು, ಮೂಗಿನ ಹತ್ತಿರದ ಸಂದಿನಲ್ಲಿ ಕೂತ ಪೌಡರನ್ನು ಹಳೆಯ ಬ್ರಷ್ಷಿನಿಂದ ತೆಗೆಯುವುದು. ನೀರು ಕೊಡವಿ ಬಟ್ಟೆಯಲ್ಲಿ ಒತ್ತಿ ಒರೆಸುವಷ್ಟರಲ್ಲಿ ಕಾಫಿ ರೆಡಿ. ಹಾಕಿಕೊಂಡು ಮೊದಲ ಗುಟುಕು ಕುಡಿದರೆ ಹಬೆಗೆ ಮತ್ತೆ ಮಂಜು, ಅದು ಬೇರೆ ಮಾತು. ಮೊದಲೆಲ್ಲ ಸೆರಗಿನಲ್ಲಿ ಒಣಗಿದ ಹಾಗೇ ಉಜ್ಜುತ್ತಿದ್ದೆ. ಗೀರು ಬೀಳುತ್ತಿದ್ದುದು ಆ ಧೂಳಿನಿಂದಲೇ. ಎರಡೂವರೆ ವರ್ಷಕ್ಕೆ ಈ ಲೆನ್ಸಿನಲ್ಲಿ ಎದ್ದು ಕಾಣುವ ಗೀರು ಒಂದೂ ಇಲ್ಲ.

ಆ ಹುಡುಗನ ನಟನೆ ನೋಡಿದ ವಾರವೇ ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಸಣ್ಣ ಅಂಗಡಿಗೆ ಹೋದೆ. ಅದಕ್ಕೆ ಮುಂಚೆ ಅಂಟಿಸುವ ಸಿಲಿಕಾನ್ ಪ್ಯಾಡು ತರಿಸಿ ನೋಡಿದ್ದೆ. ಇಲ್ಲಿನ ಏಪ್ರಿಲ್ ಬೆವರಿಗೆ ಹತ್ತು ದಿನ ನಿಂತಿತ್ತು. ಅಂಗಡಿಯಲ್ಲಿದ್ದ ಹಿರಿಯರು ಕನ್ನಡಕ ನೋಡಲಿಲ್ಲ, ನನ್ನ ಮುಖ ನೋಡಿದರು. "ಸ್ವಲ್ಪ ನಗಿ ಮೇಡಂ" ಅಂದರು. ಏನಪ್ಪಾ ಇದು ಅಂತ ನಕ್ಕೆ. "ಈಗ ಬಗ್ಗಿ ನೆಲ ನೋಡಿ." ಕನ್ನಡಕ ಅವರ ಕೈಗೇ ಬಿತ್ತು.

ಕಡ್ಡಿಯ ತುದಿಯನ್ನು ಮಾತ್ರ ಬಿಸಿಗಾಳಿಗೆ ಹಿಡಿದರು. ಲೆನ್ಸಿಗೆ ಬಿಸಿ ತಾಗಿದರೆ ಕೋಟಿಂಗು ಬಿರುಕು ಬಿಡುತ್ತದಂತೆ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬಾರದು ಅನ್ನುವುದೂ ಅದಕ್ಕೇ. ಮೆತ್ತಗಾದ ಕಡ್ಡಿಯನ್ನು ಹೆಬ್ಬೆರಳಲ್ಲಿ ಒತ್ತಿ, ಕಿವಿಯ ಹಿಂದೆ ಸರಿಯಾಗಿ ಇಳಿಯುವ ಹಾಗೆ ಬಗ್ಗಿಸಿ, ತಣ್ಣೀರಿಗೆ ಅದ್ದಿದರು. ಮೂರು ಸಲ ಹಾಕಿಸಿ ತೆಗೆಸಿದರು. ಅಸಿಟೇಟ್ ಆದ್ದರಿಂದ ಬಗ್ಗಿತು, ಟಿಆರ್ 90 ಅನ್ನುವ ಹಗುರ ಪ್ಲಾಸ್ಟಿಕ್ ಆಗಿದ್ದರೆ ಹೀಗೆ ಬಗ್ಗುವುದು ಕಷ್ಟ ಅಂದರು. ದುಡ್ಡು ಎಷ್ಟು ಅಂದರೆ "ಇದಕ್ಕೇನ್ ಕೊಡ್ತೀರಿ" ಅಂದುಬಿಟ್ಟರು. 9,600 ಕೊಟ್ಟ ಜಾಗದಲ್ಲಿ ಎರಡು ಸಲ ಕೇಳಿದಾಗಲೂ "ಹಾಕ್ತಾ ಹಾಕ್ತಾ ಸೆಟ್ ಆಗುತ್ತೆ" ಅಂತ ಕಳಿಸಿದ್ದರು.

ಪೂರ್ತಿ ಸರಿ ಹೋಯಿತಾ? ಇಲ್ಲ. ಜಾರುವುದು ಮುಕ್ಕಾಲು ಪಾಲು ನಿಂತಿತು, ಕೆನ್ನೆಗೆ ತಾಗುವುದು ನಿಲ್ಲಲಿಲ್ಲ. ಕಡ್ಡಿ ಬಗ್ಗಿಸಿದರೆ ಸೇತುವೆ ಬದಲಾಗುವುದಿಲ್ಲವಲ್ಲ. ಸಂಕೋಚಕ್ಕೋ ಖುಷಿಗೋ, ಅವರಲ್ಲೇ ಇನ್ನೊಂದು ಮಾಡಿಸಿದೆ. ತೆಳು ಲೋಹದ ಫ್ರೇಮು, 48-18, ಅತ್ತಿತ್ತ ಬಗ್ಗಿಸಬಹುದಾದ ಪ್ಯಾಡು, 1.61 ಲೆನ್ಸು, ಒಟ್ಟು 3,900. ನೋಡಲು ಸಾದಾ. ನಾದಿನಿ ನೋಡಿ "ಬ್ಯಾಂಕ್ ಮ್ಯಾನೇಜರ್ ಥರ ಇದೆ" ಅಂದಳು. ಹೊಗಳಿದ್ದೋ ಬೈದಿದ್ದೋ ಕೇಳಲಿಲ್ಲ. ದಿನಕ್ಕೆ ಎಷ್ಟು ಸಲ ಮೇಲೆ ತಳ್ಳುತ್ತೇನೆ ಅಂತ ಒಂದು ದಿನ ಎಣಿಸಿದೆ. ಎರಡು ಸಲ.

ಆದರೆ ಉತ್ತರ ಪತ್ರಿಕೆ ತಿದ್ದಲು ಕೂತಾಗ ಹೊಸದು ಯಾಕೋ ಹಿಡಿಸಲಿಲ್ಲ. ಸಣ್ಣ ಅಕ್ಷರಕ್ಕೆ ಕಣ್ಣು ಸುಸ್ತು. ಹಳೆಯದನ್ನು ಹಾಕಿ ಮೂಗಿನ ತುದಿಗೆ ಇಳಿಸಿದರೆ ಆರಾಮ. ಹಿರಿಯರನ್ನು ಕೇಳಿದರೆ ನಕ್ಕರು. ಮೈನಸ್ ಲೆನ್ಸು ಕಣ್ಣಿಂದ ದೂರ ಹೋದರೆ ಪವರ್ ತುಸು ಕಡಿಮೆಯಾದ ಹಾಗಾಗುತ್ತದೆ, ಹತ್ತಿರದ್ದು ಓದಲು ಸುಲಭ. "ನಿಮಗೆ ನಲವತ್ತು ದಾಟಿತು ಮೇಡಂ, ಅಷ್ಟೇ." ಎರಡು ವರ್ಷ ನಾನು ಬೈದ ಜಾರಾಟ ನನ್ನ ಓದುವ ಕನ್ನಡಕದ ಕೆಲಸವನ್ನೂ ಮಾಡುತ್ತಿತ್ತು!

ಈಗ ಲೋಹದ್ದು ಕ್ಲಾಸಿಗೆ, ಮಚ್ಚೆಯದ್ದು ಪೇಪರ್ ತಿದ್ದುವುದಕ್ಕೆ ಮತ್ತು ಮದುವೆ ಮನೆಗೆ. ಫೋಟೋದಲ್ಲಿ ನಿಜಕ್ಕೂ ಚೆನ್ನಾಗಿ ಕಾಣುತ್ತದೆ, ಸುಳ್ಳು ಹೇಳಬಾರದು. ಅಂಗಡಿಗೆ ಹೋಗುವವರು ಫ್ರೇಮು ಹಾಕಿ ಮೊಬೈಲಿನಲ್ಲಿ ಫೋಟೋ ತೆಗೆಸಿ, ಹಳೆಯ ಕನ್ನಡಕ ಹಾಕಿಕೊಂಡು ಅದನ್ನು ನೋಡಿ. ಒಂದು ಫೋಟೋ ಸುಮ್ನೆ ನಿಂತು, ಒಂದು ಜೋರಾಗಿ ನಗುತ್ತಾ. ನಾದಿನಿ ಮುಂದಿನ ತಿಂಗಳು ತನಗೆ ಕೂಲಿಂಗ್ ಗ್ಲಾಸ್ ತಗೊಳ್ಳಬೇಕು ಅಂತಿದ್ದಾಳೆ. ಜೊತೆಗೆ ನಾನೂ ಹೋಗುತ್ತಿದ್ದೇನೆ.