ಮನೆಯಲ್ಲೇ 3ಡಿ ಫೋಟೋ: ಮೂರು ಸಾಧನ, ಎರಡು ಪರದೆ

ಎರಡು ವರ್ಷದಲ್ಲಿ 3ಡಿ ಫೋಟೋ ತೆಗೆಯಲು ಮೂರು ಥರದ ಸಾಧನ ಮಾಡಿದೆ. ಮೊದಲು ಮಾಡಿದ್ದು, ಎಲ್ಲಕ್ಕಿಂತ ಅಗ್ಗದ್ದು, ಅದೇ ಇವತ್ತಿಗೂ ನನ್ನ ಬ್ಯಾಗಿನಲ್ಲಿದೆ.

ಅದೊಂದು ಒಂದಡಿ ಉದ್ದದ ಮರದ ಪಟ್ಟಿ. ಎರಡೂ ಅಂಚಿಗೆ ಬೀಡಿಂಗ್ ಹೊಡೆದು, ನಡುವೆ ಫೋನ್ ಜಾರುವ ಹಾಗೆ ಮಾಡಿ, ಪಕ್ಕಕ್ಕೆ ಸ್ಕೇಲ್ ಅಂಟಿಸಿದ್ದೇನೆ. ಒಂದು ಫೋಟೋ ತೆಗೆಯುವುದು, ಜಾರಿಸುವುದು, ಇನ್ನೊಂದು ತೆಗೆಯುವುದು. ಎಡದ್ದು ಎಡಗಣ್ಣಿಗೆ, ಬಲದ್ದು ಬಲಗಣ್ಣಿಗೆ. 1838ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ ಎರಡು ಕನ್ನಡಿ ಮತ್ತು ಕೈಯಲ್ಲಿ ಬರೆದ ಗೆರೆಚಿತ್ರ ಇಟ್ಟುಕೊಂಡು ತೋರಿಸಿದ್ದೂ ಇದನ್ನೇ.

ಎಷ್ಟು ಜಾರಿಸಬೇಕು? ಎಲ್ಲಕ್ಕಿಂತ ಹತ್ತಿರದ ವಸ್ತು ಎಷ್ಟು ದೂರ ಇದೆಯೋ ಅದರ ಮೂವತ್ತರಲ್ಲಿ ಒಂದು ಪಾಲು. ಎರಡು ಮೀಟರ್ ದೂರದ ಕಂಬಕ್ಕೆ ಸುಮಾರು 65 ಮಿ.ಮೀ., ಅಂದರೆ ನಮ್ಮ ಕಣ್ಣುಗಳ ನಡುವಿನ ಅಂತರದಷ್ಟೇ. 30 ಸೆಂ.ಮೀ. ದೂರದ ದಾಸವಾಳಕ್ಕೆ 1 ಸೆಂ.ಮೀ. ಸಾಕು. ಮೊದಮೊದಲು ನಾನು ಹೂವಿಗೂ 65 ಮಿ.ಮೀ. ಜಾರಿಸಿ, ನೋಡಿದವರಿಗೆಲ್ಲ ತಲೆನೋವು ತರಿಸಿದ್ದೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದಲ್ಲಿ ಪಟ್ಟಿಯನ್ನೂ ಹೊರಗೆ ತೆಗೆಯಲಿಲ್ಲ. ಎಡಗಾಲಿನ ಮೇಲೆ ಭಾರ ಹಾಕಿ ಒಂದು ಕ್ಲಿಕ್, ಬಲಗಾಲಿನ ಮೇಲೆ ಹಾಕಿ ಇನ್ನೊಂದು. ಕೆಳಗೆ ಆನೆ ಸಾಲು, ಮೇಲೆ ಸಿಂಹ, ಬಳ್ಳಿ, ಕುದುರೆ. ನಡುಮಧ್ಯಾಹ್ನದ ಬಿಸಿಲಲ್ಲಿ ಮಾಮೂಲಿ ಫೋಟೋದಲ್ಲಿ ಚಪ್ಪಟೆಯಾಗಿ ಕಂಡ ಆನೆಗಳು ಇಲ್ಲಿ ಗೋಡೆ ಬಿಟ್ಟು ಈಚೆಗೆ ಬಂದು ನಿಂತಿದ್ದವು. ಕಲ್ಲಿಗೆ ಇದು ಸಾಕೋ ಸಾಕು. ಆದರೆ ಗಾಳಿಗೆ ಆಡುವ ತೆಂಗಿನ ಗರಿ, ಸುಮ್ನೆ ಕೂರದ ಮಗು, ಜೋಗದ ನೀರು ಯಾವುದೂ ಇದಕ್ಕೆ ಸಿಗುವುದಿಲ್ಲ.

ಅದಕ್ಕೇ ಎರಡನೆಯದು: ಅಲ್ಯುಮಿನಿಯಂ ಪಟ್ಟಿಯ ಮೇಲೆ ಎರಡು ಹಳೆಯ ಕ್ಯಾನನ್ ಕ್ಯಾಮರಾ. ಎರಡನ್ನೂ ಎರಡು ಬೆರಳಲ್ಲಿ ಒತ್ತಿದರೆ ಆಗುವುದಿಲ್ಲ. ಐವತ್ತನೇ ಒಂದು ಸೆಕೆಂಡ್ ವ್ಯತ್ಯಾಸವಾದರೂ ಗಂಟೆಗೆ 15 ಕಿ.ಮೀ. ವೇಗದ ಸೈಕಲ್ ಅಷ್ಟರಲ್ಲಿ 8 ಸೆಂ.ಮೀ. ಮುಂದೆ ಹೋಗಿರುತ್ತದೆ. ಕಣ್ಣಿನ ಅಂತರಕ್ಕಿಂತ ಜಾಸ್ತಿ! ಆಗ ಸೈಕಲ್ ರಸ್ತೆ ಬಿಟ್ಟು ನಮ್ಮ ಮೂಗಿನ ಮುಂದೆ ತೇಲುತ್ತದೆ, ಇಲ್ಲವೇ ಹಿಂದಿನ ಕಾಂಪೌಂಡ್ ಗೋಡೆಯೊಳಗೆ ಹೂತುಹೋಗುತ್ತದೆ. ಮೆಮೊರಿ ಕಾರ್ಡಿಗೆ, ಯುಎಸ್‌ಬಿಯಲ್ಲಿ ಬರುವ ವಿದ್ಯುತ್ತಿನಿಂದಲೇ ಕ್ಲಿಕ್ ಮಾಡಿಸಬಲ್ಲ ಸಿಎಚ್‌ಡಿಕೆ ಎಂಬ ಉಚಿತ ತಂತ್ರಾಂಶ ಹಾಕಿ, ಎರಡು ಯುಎಸ್‌ಬಿ ಕೇಬಲ್‌ಗೆ ಒಂದೇ ಸ್ವಿಚ್ಚಿನಿಂದ 5 ವೋಲ್ಟ್ ಕೊಟ್ಟ ಮೇಲೆ ಆ ಕಾಟ ತಪ್ಪಿತು. ಮಕ್ಕಳ ಫೋಟೋ ಬಲು ಚೆನ್ನಾಗಿ ಬರುತ್ತದೆ. ಆದರೆ ಅಕ್ಕಪಕ್ಕ ಇಟ್ಟರೆ ಲೆನ್ಸುಗಳ ನಡುವೆ 10 ಸೆಂ.ಮೀ. ಆಗಿಬಿಡುತ್ತದೆ. ಮೂರು ಮೀಟರಿಗಿಂತ ಹತ್ತಿರ ಹೋಗುವ ಹಾಗಿಲ್ಲ. ಎರಡು ಬ್ಯಾಟರಿ ಚಾರ್ಜ್ ಮಾಡಬೇಕು, ಒಂದನ್ನಂತೂ ಮರೆಯುತ್ತೇನೆ.

ಮೂರನೆಯದು ಒಂದೇ ಲೆನ್ಸಿನ ಮುಂದೆ ನಾಲ್ಕು ಕನ್ನಡಿಯ ಡಬ್ಬಿ; ಎರಡೂ ಕಣ್ಣಿನ ನೋಟವನ್ನು ಒಂದೇ ಫೋಟೋದ ಎರಡು ಅರ್ಧಕ್ಕೆ ತರುತ್ತದೆ. ಮಾಮೂಲಿ ಕನ್ನಡಿಯಲ್ಲಿ ಗಾಜಿನ ಮುಖದ್ದೊಂದು, ಹಿಂದಿನ ಲೇಪದ್ದೊಂದು ಅಂತ ಎರಡೆರಡು ಬಿಂಬ ಬರುತ್ತವೆ. ಮುಂಭಾಗಕ್ಕೇ ಲೇಪವಿರುವ ಕನ್ನಡಿ ತರಿಸಿದ ಮೇಲೂ ಅರ್ಧ ಅಗಲದ ಚಿತ್ರವಷ್ಟೇ ಸಿಕ್ಕಿತು. ಮೂರು ಭಾನುವಾರ ಹಾಳು.

ಇನ್ನು ತೋರಿಸುವ ವಿಷಯ. ನನ್ನನ್ನು ಕೇಳಿದರೆ ದುಡ್ಡು ಹಾಕಬೇಕಾದದ್ದು ಇಲ್ಲಿ, ಕ್ಯಾಮರಾಕ್ಕಲ್ಲ.

ಕೆಂಪು-ನೀಲಿ ಕನ್ನಡಕ ಸುಲಭ. ಸ್ಟೀರಿಯೋ ಫೋಟೋ ಮೇಕರ್ ಎಂಬ ಉಚಿತ ತಂತ್ರಾಂಶ ಎರಡು ಫೋಟೋ ಹೊಂದಿಸಿ ಕೊಡುತ್ತದೆ, ಒಂದೇ ಪ್ರೊಜೆಕ್ಟರ್ ಸಾಕು, ಬಿಳಿ ಗೋಡೆಯೂ ನಡೆಯುತ್ತದೆ. ಆದರೆ ಬಣ್ಣ ಕೆಡುತ್ತದೆ. ಹಣೆಯ ಕುಂಕುಮ ಒಂದು ಕಣ್ಣಿಗೆ ಬೆಳ್ಳಗೆ, ಇನ್ನೊಂದಕ್ಕೆ ಕಪ್ಪಗೆ ಕಂಡು ಮಿಣಮಿಣ ಅನ್ನುತ್ತದೆ. ಮದುವೆ ಫೋಟೋ ತೋರಿಸಲೇಬಾರದು.

ಎರಡು ಪ್ರೊಜೆಕ್ಟರ್, ಮುಂದೆ ಪೋಲರೈಸಿಂಗ್ ಫಿಲ್ಟರ್ (ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ), ನೋಡುವವರಿಗೆ ಅಂಥದೇ ಕನ್ನಡಕ: ಇದರಲ್ಲಿ ಬಣ್ಣ ಇದ್ದ ಹಾಗೇ ಬರುತ್ತದೆ. ಆದರೆ ಎಡವದ ಜಾಗವಿಲ್ಲ. ನನ್ನವು ಸೆಕೆಂಡ್ ಹ್ಯಾಂಡ್ ಎಲ್‌ಸಿಡಿ ಪ್ರೊಜೆಕ್ಟರುಗಳು. ಫಿಲ್ಟರನ್ನು ಒಂದಕ್ಕೆ ನೆಟ್ಟಗೆ, ಇನ್ನೊಂದಕ್ಕೆ ಅಡ್ಡ ಇಟ್ಟೆ. ಒಂದು ಚಿತ್ರ ಪೂರ್ತಿ ಹಸಿರು, ಇನ್ನೊಂದು ನೇರಳೆ! ಇಂಥ ಪ್ರೊಜೆಕ್ಟರಿನಲ್ಲಿ ಹಸಿರು ಬೆಳಕು ಕಂಪಿಸುವ ದಿಕ್ಕೇ ಬೇರೆ ಇರುತ್ತದೆ. 45 ಡಿಗ್ರಿ ಓರೆಗೆ, ಒಂದು ಆ ಕಡೆ ಒಂದು ಈ ಕಡೆ ತಿರುಗಿಸಿದ ಮೇಲೆ ಸರಿಹೋಯಿತು. ಸಿನಿಮಾದಿಂದ ತಂದಿಟ್ಟ ಕನ್ನಡಕವೂ ನಡೆಯಲಿಲ್ಲ, ಅವು ವೃತ್ತಾಕಾರದ ಪೋಲರೈಸೇಷನ್‌ನವು, ಅಂದರೆ ಕಂಪನದ ದಿಕ್ಕು ಸುತ್ತುತ್ತಲೇ ಇರುವ ಬೆಳಕಿಗೆ ಮಾಡಿದವು. ಕೊನೆಗೆ ಪರದೆ. ಬಿಳಿ ಗೋಡೆಗೆ ಬಿದ್ದ ಬೆಳಕು ಪೋಲರೈಸೇಷನ್ ಕಳೆದುಕೊಂಡು ಎರಡೂ ಚಿತ್ರ ಕಲೆಸಿಹೋಗುತ್ತವೆ. ಗೇಟು, ಗ್ರಿಲ್‌ಗೆ ಹೊಡೆಯುವ ಅಲ್ಯುಮಿನಿಯಂ ಪೇಂಟನ್ನು ಪ್ಲೈವುಡ್ಡಿಗೆ ರೋಲರ್‌ನಲ್ಲಿ ಹೊಡೆದೆ, ಪಟ್ಟೆ ಪಟ್ಟೆ ಬಂತು. ಬೈಕ್ ಪೇಂಟ್ ಮಾಡುವವರ ಹತ್ತಿರ ಸ್ಪ್ರೇ ಮಾಡಿಸಿದ್ದೇ ನಿಂತಿತು.

ಬೆಳ್ಳಿ ಪರದೆಯಲ್ಲಿ ನಡುಭಾಗ ಬೆಳಗುತ್ತದೆ, ಪಕ್ಕದಲ್ಲಿ ಕೂತವರಿಗೆ ಮಂಕು. ತಲೆ ವಾಲಿಸಿದರೂ ಚಿತ್ರ ಎರಡೆರಡಾಗುತ್ತದೆ. ನಮ್ಮ ಹಾಲ್‌ನಲ್ಲಿ ಪರದೆಯ ಎದುರಿಗೆ ನೇರಕ್ಕೆ ಆರು ಕುರ್ಚಿ ಹಿಡಿಯುತ್ತವೆ. ಏಳನೆಯವರು ಬಂದರೆ ಕೆಂಪು-ನೀಲಿ ಕನ್ನಡಕ ಕೊಟ್ಟು ಲ್ಯಾಪ್‌ಟಾಪ್ ಮುಂದೆ ಕೂರಿಸುತ್ತೇನೆ.