ಹಳೆಯ ಗೇಮಿಂಗ್ ಪಿಸಿ: ಮೊದಲು ಗ್ರಾಫಿಕ್ಸ್ ಕಾರ್ಡೋ, ಪ್ರೊಸೆಸರೋ?

ರೈಜನ್ 5 1600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿಗೆ ಸದ್ಯ ಒಂದೇ ಭಾಗ ಕೊಳ್ಳುವಷ್ಟು ದುಡ್ಡಿದ್ದರೆ, ಮೊದಲು ಆಟದ ರೆಸಲ್ಯೂಶನ್ ಇಳಿಸಿ ನೋಡಿ. ಎಫ್‌ಪಿಎಸ್ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ ಸಂಖ್ಯೆ) ಚೆನ್ನಾಗಿ ಏರಿದರೆ ಕೊರತೆ ಕಾರ್ಡಿನದು. ಏರದಿದ್ದರೆ ಬಹುತೇಕ ಪ್ರೊಸೆಸರಿನದು.

ಖರ್ಚಿನಲ್ಲಿ ಪ್ರೊಸೆಸರೇ ಹಗುರ. ರೈಜನ್ 5 5600 ಅದೇ ಬೋರ್ಡಿಗೆ, ಅದೇ ಡಿಡಿಆರ್4 ರ‍್ಯಾಮಿಗೆ ಹೊಂದುತ್ತದೆ. ಆದರೆ ಹಳೆಯ ಪ್ರೊಸೆಸರ್ ಕೂತಿರುವಾಗಲೇ ಬಯಾಸ್ (ಪಿಸಿಯನ್ನು ಚಾಲೂ ಮಾಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ಮರೆತರೆ ಪರದೆ ಕಪ್ಪಾಗಿಯೇ ಉಳಿಯಬಹುದು. ಕಾರ್ಡನ್ನೇ ಬದಲಿಸುವುದಾದರೆ, ಆರ್‌ಎಕ್ಸ್ 6600 ಕಾರ್ಡಿಗೆ 8 ಪಿನ್ ಪವರ್ ಕೇಬಲ್ ಮತ್ತು ಒಳ್ಳೆಯ 450 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಒದಗಿಸುವ ಭಾಗ) ಬೇಕು. ಅಗ್ಗದ ಎಸ್‌ಎಂಪಿಎಸ್ ಇದ್ದರೆ ಆ ಖರ್ಚೂ ಸೇರುತ್ತದೆ.

ವ್ಯಾಲೊರಂಟ್, ಸಿಎಸ್2 ಥರದ ಶೂಟಿಂಗ್ ಆಟ ಆಡುವವರಿಗೆ ಪ್ರೊಸೆಸರ್ ಮೊದಲು. 1080ಪಿ (ಫುಲ್ ಎಚ್‌ಡಿ) ರೆಸಲ್ಯೂಶನ್ನಿನಲ್ಲಿ ದೊಡ್ಡ ಕಥಾ ಆಟಗಳಿಗೆ ಕಾರ್ಡ್.

ಮುಂಬೈಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಪ್ರೊಸೆಸರಿಗೆ ಅಪಾಯ ಕಡಿಮೆ, ಪಿನ್ ಬಾಗಿಲ್ಲವೇ ನೋಡಿದರೆ ಸಾಕು. ಕಾರ್ಡನ್ನು ಮಾತ್ರ ಅಂಗಡಿಯಲ್ಲೇ 20 ನಿಮಿಷ ಪೂರ್ಣ ಲೋಡಿನಲ್ಲಿ ಓಡಿಸಿ, ಫ್ಯಾನಿನ ಸದ್ದು ಕೇಳಿ, ಬಿಲ್ ಪಡೆದು ತನ್ನಿ.